ಬೆಲ್ಲವ್ವನ ಹೊಟ್ಟೆಯೊಳಗಿನ ಜೀವಗಳು

ನಮ್ಮ ಮನೆಯ ನಲ್ಲಿಯ ಬಾಯಿಗೆ ಎರಡು ಮಡಿಕೆಯ ಬಿಳಿ ಬಟ್ಟೆಯೊಂದು ಸದಾ ಕಟ್ಟಿರುತ್ತದೆ. ಹೊಸದಾಗಿ ಬಂದವರು ನಲ್ಲಿಗೇನಾದರೂ ಗಾಯವಾಗಿದೆಯೇ ಎಂಬಂತೆ ಅದನ್ನು ನೋಡುತ್ತಾರೆ. ತೇರದಾಳದ ಜೈನರ ಮನೆಗಳಲ್ಲಿ ಇದೇನೂ ವಿಶೇಷವಲ್ಲ. ನೀರಿನಲ್ಲಿ ಕಣ್ಣಿಗೆ ಕಾಣದ ಜೀವಗಳಿರುತ್ತವೆ, ಸೋಸದೆ ಕುಡಿದರೆ ಅವು ನಮ್ಮ ಹೊಟ್ಟೆ ಸೇರಿ ಸಾಯುತ್ತವೆ ಎಂಬ ಕಾಳಜಿ. ಆದರೆ ನಮ್ಮ ಅತ್ತೆಯವರು ಅಷ್ಟಕ್ಕೇ ನಿಲ್ಲುವವರಲ್ಲ. ಬಟ್ಟೆಯನ್ನು ಬಿಚ್ಚಿ, ಮಗುಚಿ, ಅದಕ್ಕಂಟಿದ ಜೀವಗಳು ತಮ್ಮ ನೀರಿಗೆ ತಾವು ಮರಳಲೆಂದು ಹಿತ್ತಲಿನ ನೀರಿನ ತೊಟ್ಟಿಯಲ್ಲಿ ನಿಧಾನವಾಗಿ ಜಾಲಿಸುತ್ತಾರೆ. ನನ್ನ ತವರು ಜಮಖಂಡಿ, ಅದೂ ಜೈನರ ಮನೆಯೇ; ಆದರೆ ನಾವು ಗೋಡೆಗೊಂದು ಫಿಲ್ಟರ್ ತೂಗುಹಾಕಿ, ಧರ್ಮದ ಕೆಲಸವನ್ನೂ ಅದಕ್ಕೇ ವಹಿಸಿ ನಿಶ್ಚಿಂತೆಯಿಂದ ಇದ್ದವರು.

ಇಂಥ ಮನೆಗೆ ಬೆಕ್ಕು ಬಂದದ್ದು ಬೆಲ್ಲದ ಗಾಡಿಯಲ್ಲಿ. ನನ್ನ ಯಜಮಾನರದು ಬೆಲ್ಲದ ವ್ಯಾಪಾರ. ಮಹಾಲಿಂಗಪುರದಿಂದ ಮಾಲು ಬಂದಾಗ ತಾಡಪಾಲು ಸರಿಸಿದರೆ, ಬೆಲ್ಲದ ಪೆಂಟೆಗಳ ನಡುವೆ ಅವುಗಳದ್ದೇ ಬಣ್ಣದ ಈ ಹೆಣ್ಣುಬೆಕ್ಕು, ತಾನೂ ಮಾರಾಟಕ್ಕೆಂದೇ ಬಂದವಳ ಹಾಗೆ, ಕಣ್ಣು ಕಿರಿದು ಮಾಡಿಕೊಂಡು ಕುಳಿತಿತ್ತು. ಗೋದಾಮಿನಲ್ಲಿ ಇಲಿಗಳ ಕಾಟ ವಿಪರೀತವಾಗಿದ್ದುದರಿಂದ ಯಜಮಾನರ ಮುಖ ಅರಳಿತು. ಅರಳಿದ್ದನ್ನು ಅತ್ತೆ ಅಲ್ಲೇ ಗಮನಿಸಿದರು.

"ಇಲಿ ಹಿಡಿಸಾಕ ಅಂತ ಇಟ್ಕೊಂಡ್ರ ಆ ಪಾಪ ನಮ್ಮದಾಗತೈತಿ," ಎಂದರು. "ಸುಮ್ಮ ಇರೂದಾದ್ರ ಇರಲಿ."

ಹೀಗೆ ಬೆಲ್ಲವ್ವ ಎಂಬ ಹೆಸರು ಪಡೆದು ಅವಳು ಯಾವ ಕೆಲಸವೂ ಇಲ್ಲದ ಹುದ್ದೆಗೆ ನೇಮಕಗೊಂಡಳು. ಹೊತ್ತು ಮುಳುಗಿದ ಮೇಲೆ ಅತ್ತೆ ಉಣ್ಣುವುದಿಲ್ಲ. ಬೆಲ್ಲವ್ವನಿಗೂ ಅದೇ ನೇಮ, ಹಾಲಿನಲ್ಲಿ ನೆನೆಸಿದ ರೊಟ್ಟಿ ಬೆಳಕಿರುವಾಗಲೇ ಮುಗಿಯಬೇಕು. ಕತ್ತಲಾದ ಮೇಲೆ ಗೋದಾಮಿನ ಕಡೆ ಹೋಗಿ ಅವಳು ಏನು ಮಾಡುತ್ತಾಳೆಂದು ನಾವು ವಿಚಾರಿಸಲಿಲ್ಲ. ಮರ್ಯಾದಸ್ಥರ ಮನೆಯಲ್ಲಿ ಕೆಲವು ವಿಷಯಗಳನ್ನು ವಿಚಾರಿಸುವ ಪದ್ಧತಿಯಿಲ್ಲ.

ಕೆಲವು ವಾರ ಕಳೆಯುವಷ್ಟರಲ್ಲಿ ಬೆಲ್ಲವ್ವನ ಹೊಟ್ಟೆ ಉಬ್ಬತೊಡಗಿತು. ಪಕ್ಕದ ಮನೆಯ ಕಮಲಕ್ಕ ಕಟ್ಟೆಯ ಮೇಲೆ ನಿಂತು ಒಂದೇ ನೋಟಕ್ಕೆ ತೀರ್ಪು ಕೊಟ್ಟರು: "ಹೊಟ್ಟೀಲೆ ಅದಾಳ ನಿಮ್ಮ ಬೆಲ್ಲವ್ವ." ನಮ್ಮ ಕಡೆ ಬಸುರಿಗೆ ಹೇಳುವ ಮಾತು ಇದು, ಎಷ್ಟು ಚೆಂದದ ಮಾತು ನೋಡಿ. ಅಷ್ಟಕ್ಕೂ ಕನ್ನಡಿಗರಾದ ನಾವು ಬದುಕಿನ ಅರ್ಧ ವ್ಯವಹಾರವನ್ನು ಹೊಟ್ಟೆಯ ಮೇಲೆಯೇ ಹೊರಿಸಿದವರಲ್ಲವೇ? ದುಡಿಮೆ ಹೊಟ್ಟೆಪಾಡು, ಅಸೂಯೆ ಹೊಟ್ಟೆಕಿಚ್ಚು, ಕರುಣೆ ಬಂದರೆ ಹೊಟ್ಟೆಯಲ್ಲಿ ಸಂಕಟ, ಕ್ಷಮಿಸಬೇಕಾದರೆ ಹೊಟ್ಟೆಗೆ ಹಾಕಿಕೊಳ್ಳುವುದು. ಇಷ್ಟೆಲ್ಲ ಹಿಡಿಯುವ ಜಾಗದಲ್ಲಿ ನಾಲ್ಕು ಮರಿ ಹೆಚ್ಚೇನಲ್ಲ ಎಂದುಕೊಂಡೆವು. ಅತ್ತೆ ಬಿದಿರಿನ ಬುಟ್ಟಿಯಲ್ಲಿ ತಮ್ಮ ಹಳೆಯ ಇಳಕಲ್ ಸೀರೆ ಹಾಸಿದರು. ಹಾಲಿಗೆ ತುಪ್ಪದ ಹನಿ ಬಿತ್ತು. ಬಾಣಂತನ ಯಾರ ಪಾಲಿಗೆ ಎಂಬ ಚರ್ಚೆಯೂ ನಡೆದು, ನಿರೀಕ್ಷೆಯಂತೆಯೇ ಅದು ನನ್ನ ಪಾಲಿಗೆ ಬಂತು.

ಆದರೆ ಮರಿಗಳು ಬರಲಿಲ್ಲ. ಹೊಟ್ಟೆ ತಂಬೂರಿಯ ಬುರುಡೆಯ ಹಾಗೆ ದುಂಡಗಾಗುತ್ತ ಹೋದಂತೆ ಬೆನ್ನಿನ ಎಲುಬು ಎದ್ದು ಕಾಣತೊಡಗಿತು. ಮೈಯ ಹೊಳಪು ಹೋಯಿತು. ಒಂದು ಬೆಳಿಗ್ಗೆ ಅವಳು ಹಾಲನ್ನೂ ಮೂಸಿ ಬಿಟ್ಟಾಗ ಅತ್ತೆ ಬುಟ್ಟಿಯ ಮುಂದೆ ಕುಳಿತು ನನ್ನನ್ನು ಕರೆದು, "ಪದ್ಮಾ, ಇದು ಬಸರಲ್ಲ," ಎಂದರು. ಬುಟ್ಟಿಯ ಸಮೇತ ಅವಳನ್ನು ಎತ್ತಿಕೊಂಡು ಇಬ್ಬರೂ ದನದ ದವಾಖಾನೆಗೆ ಹೋದೆವು.

ಎಮ್ಮೆಗಳ ಸಾಲಿನಲ್ಲಿ ಬೆಕ್ಕನ್ನು ಕಂಡು ಡಾಕ್ಟರರಿಗೆ ನಗು ಬಂತು; ಹೊಟ್ಟೆ ಒತ್ತಿ ನೋಡಿದ ಮೇಲೆ ನಗು ನಿಂತಿತು. "ಮರಿ ಇಲ್ರಿ. ಹೊಟ್ಟಿ ತುಂಬ ಜಂತಹುಳ ಅದಾವ. ಇನ್ನ ತಡಾ ಮಾಡಿದ್ರ ಉಳಿಯಂಗಿಲ್ಲ," ಎಂದು ಒಂದು ಗುಳಿಗೆಯನ್ನು ಕಾಗದದಲ್ಲಿ ಸುತ್ತಿ ಕೊಟ್ಟರು.

ಅತ್ತೆ ಅದನ್ನು ತೆಗೆದುಕೊಳ್ಳಲಿಲ್ಲ. "ಇದನ್ನ ಕೊಟ್ರ ಹುಳ ಏನಾಗತಾವ್ರಿ?"

"ಸಾಯತಾವ್ರಿ ಅಮ್ಮಾರ."

"ಜೀವಂತ ಹೊರಗ ಬರೂ ಹಂಗ ಏನರ ಇಲ್ಲೇನ್ರಿ?"

ಡಾಕ್ಟರರು ತಮ್ಮ ವೃತ್ತಿಯಲ್ಲಿ ಮೊದಲ ಸಲ ಹುಳುಗಳ ಯೋಗಕ್ಷೇಮ ವಿಚಾರಿಸುವವರನ್ನು ಕಂಡಿರಬೇಕು. "ಬಂದ್ರೂ ಬದುಕಂಗಿಲ್ರಿ," ಎಂದು ಮೆಲ್ಲಗೆ ಹೇಳಿದರು. ಇಲಿ ತಿನ್ನುವ ಬೆಕ್ಕಿಗೆ ಇದು ಮತ್ತೆ ಮತ್ತೆ ಬರುವಂಥದ್ದು, ಮೂರು ತಿಂಗಳಿಗೊಮ್ಮೆ ಗುಳಿಗೆ ಹಾಕುತ್ತಿರಬೇಕು ಎಂದೂ ಸೇರಿಸಿದರು. ಗುಳಿಗೆಯನ್ನು ನಾನು ಇಸಿದುಕೊಂಡೆ.

ಆ ಗುಳಿಗೆ ಅಡುಗೆಮನೆಯ ಗೋಡೆಯ ಮಾಡದಲ್ಲಿ ಕುಳಿತಿತು. ಅತ್ತೆ ಬಸದಿಗೆ ಹೋಗಿ ಬಂದರು, ಅದನ್ನು ಮುಟ್ಟಲಿಲ್ಲ. ಕೆಳಗೆ ಬುಟ್ಟಿಯಲ್ಲಿ ಬೆಲ್ಲವ್ವ ಕೂಗುವುದನ್ನೂ ಬಿಟ್ಟು ಬಾಯಿ ಮಾತ್ರ ತೆರೆಯುತ್ತಿದ್ದಳು, ಧ್ವನಿ ಬರುತ್ತಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ಎಲ್ಲಿ ಸತ್ತೇ ಹೋಗುತ್ತಾಳೋ ಎಂಬ ಹೆದರಿಕೆಯಲ್ಲಿ ಜೀವಗಳನ್ನು ಇಂದ್ರಿಯಗಳ ಲೆಕ್ಕದಲ್ಲಿ ವಿಂಗಡಿಸುವ ನಮ್ಮ ಶಾಸ್ತ್ರದ ಓದಿನ ಬುತ್ತಿ ಬಿಚ್ಚಿದೆ: "ಅತ್ತಿ, ಹುಳಕ್ಕ ಎರಡ ಇಂದ್ರಿಯ, ಬೆಕ್ಕಿಗೆ ಐದು. ಶಾಸ್ತ್ರಾನೂ ದೊಡ್ಡ ಜೀವಾ ಉಳಸೂದಕ್ಕ ಅಡ್ಡ ಬರಂಗಿಲ್ರಿ."

"ಇಂದ್ರಿಯ ಎಣಿಸೂದು ನನಗೂ ಬರತೈತಿ," ಎಂದರು ಅತ್ತೆ. "ಎಣಿಸಿದ್ರ ಪಾಪ ಕಡಿಮಿ ಅಂತ ಗೊತ್ತಾಗತೈತಿ. ಇಲ್ಲ ಅಂತ ಆಗಂಗಿಲ್ಲ."

ಹಾಗಾದರೆ ನೀವು ನೋಡುವುದೇ ಬೇಡ, ಅರೆದು ಹಾಲಿನಲ್ಲಿ ಕಲಸಿ ನಾನು ಹಾಕಿಬಿಡುತ್ತೇನೆ ಎಂದೆ. ಅದೊಂದು ದೊಡ್ಡ ಉಪಕಾರವೆಂದೇ ನನ್ನ ಭಾವನೆ. ಅವರು ನನ್ನನ್ನು ಬೈಯಲಿಲ್ಲ. ಅದಕ್ಕಿಂತ ಕಷ್ಟದ ನೋಟವೊಂದನ್ನು ನೋಡಿದರು.

"ಈಕೀನ್ನ ಇಟ್ಕೊಂಡಾಕಿ ನಾನು. ಕೊಡಾಕಿನೂ ನಾನ. ಗುಳಿಗಿ ತಾ."

ಬೆಲ್ಲವ್ವನನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳಿನಿಂದ ಬಾಯಿ ಅಗಲಿಸಿ, ಗುಳಿಗೆಯನ್ನು ನಾಲಿಗೆಯ ಹಿಂದಕ್ಕೆ ತಳ್ಳಿದರು. ಆಮೇಲೆ ಆ ಉಬ್ಬಿದ ಹೊಟ್ಟೆಯ ಮೇಲೆ ಅಂಗೈಯಿಟ್ಟು, ಬೆಕ್ಕಿಗಲ್ಲ, ಒಳಗಿದ್ದವಕ್ಕೆ ಹೇಳಿದರು: "ತಪ್ಪಾತು. ಗೊತ್ತಿದ್ದು ಮಾಡಾಕತ್ತೇನಿ."

ನಾನು ಮೆಚ್ಚಿದ್ದು ಇದನ್ನು. ಅದನ್ನು ಔಷಧ ಎಂದು ಕರೆಯಬಹುದಿತ್ತು, ಸೇವೆ ಎನ್ನಬಹುದಿತ್ತು, ಡಾಕ್ಟರರು ಹೇಳಿದರು ಎಂದು ಅವರ ತಲೆಗೆ ಕಟ್ಟಬಹುದಿತ್ತು. ನಾವೆಲ್ಲ ದಿನವೂ ಮಾಡುವುದು ಅದನ್ನೇ ಅಲ್ಲವೇ, ಮಾಡಬೇಕಾದ ಕಠಿಣ ಕೆಲಸಕ್ಕೆ ಮೊದಲೊಂದು ಮೆತ್ತನೆಯ ಹೆಸರು ಹುಡುಕಿ, ಸಿಕ್ಕ ಮೇಲೆ ಕೈಯಿಕ್ಕುವುದು? ಈ ಮುದುಕಿ ಹಿಂಸೆಯನ್ನು ಹಿಂಸೆಯೆಂದೇ ಕರೆದು, ಆದರೂ ಮಾಡಿ, ಅದರ ಭಾರವನ್ನು ಯಾರಿಗೂ ದಾಟಿಸದೆ ತಮ್ಮ ಹೊಟ್ಟೆಯ ಮೇಲೆಯೇ ಹಾಕಿಕೊಂಡರು. ಅಂದು ಅವರು ಉಪವಾಸ ಮಾಡಿದರು. ಸಕ್ಕರೆ ಕಾಯಿಲೆಯಿದೆ, ಉಪವಾಸ ಕೂಡದೆಂದು ಅವರ ವೈದ್ಯರು ಎಚ್ಚರಿಸಿದ್ದರೂ ಹಠ ಬಿಡಲಿಲ್ಲ. ಸಂಜೆಗೆ ತಲೆ ಸುತ್ತಿ ಕಂಬ ಹಿಡಿದು ಕುಳಿತಾಗ ಯಜಮಾನರು ರೇಗಾಡಿದರು, ನಾನು ಅತ್ತುಬಿಟ್ಟೆ. ಅವರು ಮಾತ್ರ ಬೆಲ್ಲವ್ವನ ಕಡೆ ನೋಡುತ್ತ, "ಆಕಿ ನೀರ ಕುಡದ್ಲೇನು?" ಎಂದು ಕೇಳಿದರು.

ಮರುದಿನ ಅವಳು ಕುಡಿದಳು. ಹುಳುಗಳು ಬಿದ್ದವು, ಅತ್ತೆ ಹಿತ್ತಲಲ್ಲಿ ಗುಂಡಿ ತೋಡಿಸಿ ಮಣ್ಣು ಮುಚ್ಚಿಸಿದರು. ಹೊಟ್ಟೆ ಇಳಿದು, ಮೈ ತುಂಬಿ, ಬೆಲ್ಲದ ಬಣ್ಣ ಮರಳಿ ಬಂತು. ಈಗ ಕಟ್ಟೆಯ ಮೇಲೆ ಮಲಗಿ ಕಮಲಕ್ಕನನ್ನು ತುಸು ತಾತ್ಸಾರದಿಂದಲೇ ನೋಡುತ್ತಾಳೆ.

ಮೂರು ತಿಂಗಳು ಎಷ್ಟು ಬೇಗ ಕಳೆಯುತ್ತವೆ. ಈ ಸಲ ಗುಳಿಗೆಯನ್ನು ನಾನೇ ತಂದೆ. ತರುವಾಗಲೇ ಮನಸ್ಸಿನಲ್ಲಿ ನಿಶ್ಚಯಿಸಿದ್ದೆ: ಅತ್ತೆಯ ಜೀವ ಇನ್ನೊಂದು ಉಪವಾಸ ತಾಳಲಾರದು. "ನಾ ಕೊಡತೇನ್ರಿ ಅತ್ತಿ, ನಿಮ್ಮ ಶುಗರಿಗೆ ಉಪಾಸ ಆಗಿಬರಂಗಿಲ್ಲ," ಎಂದೆ. ಅವರು ಬೆಲ್ಲವ್ವನನ್ನು ಎತ್ತಿ ತಂದು ನನ್ನ ಮುಂದಿಟ್ಟರು.

"ಕೊಡು," ಎಂದರು. "ಹಾಲಾಗ ಕಲಸಬ್ಯಾಡ. ಕೈಲೆ ಕೊಡು."

ಬೆಲ್ಲವ್ವನನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಅಂದು ಅಷ್ಟು ಸಲೀಸಾಗಿ ಅರೆದು ಹಾಕುತ್ತೇನೆಂದ ನನ್ನ ಕೈ ಅವಳ ಬಾಯಿಯ ಹತ್ತಿರ ಬಂದು ನಿಂತುಬಿಟ್ಟಿತು. ಹೊಟ್ಟೆ ಉಬ್ಬಿರಲಿಲ್ಲ, ಒಳಗೆ ಎಷ್ಟಿದ್ದವೋ, ಇದ್ದವೋ ಇಲ್ಲವೋ ತಿಳಿಯದು. ಅತ್ತೆ ಪಕ್ಕದಲ್ಲೇ ಕುಳಿತಿದ್ದರು, ಅವಸರಪಡಿಸಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಕೊನೆಗೆ ಕೊಟ್ಟೆ. ತಪ್ಪಾಯಿತು ಎನ್ನಲು ಬಾಯಿ ತೆರೆದರೆ ಧ್ವನಿ ಹೊರಡಲಿಲ್ಲ.

ಅಂದು ಹೊತ್ತು ಮುಳುಗುವ ಮುಂಚೆ ಅತ್ತೆ ಎಲ್ಲರಿಗೂ ತಾಟು ಹಾಕಿದರು, ತಾವೂ ಉಂಡರು. ನನಗೆ ಹಾಕಲಿಲ್ಲ; ಹಾಕಲೇನು ಎಂದು ಕೇಳಲೂ ಇಲ್ಲ. ಈ ಸಲದ ಉಪವಾಸ ಯಾರದೆಂದು ಇಬ್ಬರಿಗೂ ಗೊತ್ತಿತ್ತು.