ನಾನಲ್ಲ ಎಂಬ ಈಮೇಲ್

ಹೊಲಿಗೆ ಯಂತ್ರ ರಿಪೇರಿಯವನಿಗೆ ಗುಟ್ಟಪ್ಪ ಎಂದು ಹೆಸರಿಟ್ಟವಳು ಹೆಂಡತಿಯೇ. ಮನೆ ಎಲ್ಲಿ ಎಂದು ಕೇಳಿದರೆ ‘ಈ ಕಡೆಯೇ’ ಎಂದು ಆಕಾಶ ತೋರಿಸುವ ಆಸಾಮಿ. ಹಳೆಯ ಯಂತ್ರಗಳ ಕೈಪಿಡಿಗಳು ಪುಕ್ಕಟೆ ಸಿಗುವ ಅಂತರ್ಜಾಲ ತಾಣವೊಂದಿತ್ತು. ಹೆಸರಿನ ಜಾಗದಲ್ಲಿ ‘ಅನಾಮಿಕ’ ಎಂದರೆ ಸಾಕು. ಪಾಸ್‌ವರ್ಡಿನ ಬದಲು ಮರ್ಯಾದೆಗೊಂದು ಈಮೇಲ್ ವಿಳಾಸ ಹಾಕಬೇಕು. ನಿಜದ್ದು ಕೊಡಲು ಅವನೇನು ದಡ್ಡನೇ? ‘ನಾನಲ್ಲ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಬಾಲಕ್ಕೆ ಯಾವುದೋ ಮೇಲ್ ಕಂಪನಿಯ ಹೆಸರು ಅಂಟಿಸಿದ. ಬಾಗಿಲು ತೆರೆಯಿತು. ಅಂದಿನಿಂದ ಯಾರು ಕೇಳಿದರೂ ಅದೇ ವಿಳಾಸ.

“ಲೋಕಕ್ಕೇ ಟೋಪಿ ಹಾಕೋದು ಅಂದ್ರೆ ಇದು ಕಣೇ” ಎಂದು ಮೀಸೆ ತಿರುವುತ್ತಿದ್ದ.

ಮೊನ್ನೆ ಫೋನು ಎಣ್ಣೆ ಡಬ್ಬಿಗೆ ಬಿತ್ತು. ಹೊಸ ಫೋನಿನಲ್ಲಿ ತನ್ನ ನಕ್ಷೆಗಳನ್ನು ತೆರೆಯಹೋದ. ಇಪ್ಪತ್ತು ವರ್ಷ ಯಂತ್ರಗಳ ಹೊಟ್ಟೆ ಬಗೆದು ಕೈಯಾರೆ ಬರೆದ ನಾನೂರು ನಕ್ಷೆಗಳು. ಫೋಟೋ ತೆಗೆದು ಆನ್‌ಲೈನ್‌ಗೆ ಏರಿಸಿ, ಕಾಗದಗಳನ್ನು ರದ್ದಿಗೆ ಹಾಕಿದ್ದ. ಪರದೆ ಹೇಳಿತು: ‘ನಿಮ್ಮ ಈಮೇಲ್‌ಗೆ ಕೋಡ್ ಕಳಿಸಿದ್ದೇವೆ.’

ಇಲ್ಲೂ ಅದೇ ವಿಳಾಸ ಕೊಟ್ಟಿದ್ದ! ಸಹಾಯವಾಣಿಗೆ ಫೋನು ಮಾಡಿದ.

“ಖಾತೆ ಯಾವ ಹೆಸರಲ್ಲಿದೆ ಸರ್?”

“ನಾನಲ್ಲ.”

“ಯಾರದ್ದೋ ಅವರನ್ನೇ ಮಾತಾಡೋಕೆ ಹೇಳಿ.”

“ಅಯ್ಯೋ, ನಾನಲ್ಲ ಅಂದ್ರೆ ನಾನೇ ಕಣಮ್ಮ!”

ಫೋನು ಕಟ್ಟಾಯಿತು.

“ಆ ವಿಳಾಸಾನ ನಾವೇ ಹೊಸದಾಗಿ ಮಾಡ್ಕೊಂಡ್ರೆ ಕೋಡು ನಮಗೇ ಬರತ್ತಲ್ರೀ” ಎಂದು ಗ್ರಂಥಾಲಯದಲ್ಲಿ ಗುಮಾಸ್ತೆಯಾದ ಹೆಂಡತಿ ಪ್ರಯತ್ನಿಸಿದಳು. ‘ಈ ವಿಳಾಸ ಈಗಾಗಲೇ ಬೇರೊಬ್ಬರ ಬಳಿ ಇದೆ’ ಎಂದಿತು ಪರದೆ.

ಗುಟ್ಟಪ್ಪ ಸ್ಟೂಲಿನ ಮೇಲೆ ಕುಸಿದ. “ಇಂಥ ಹೆಸರು ಯಾವನೇ ಇಟ್ಕೊತಾನೆ?”

“ನಿಮ್ಮಂಥೋನೇ ಇನ್ನೊಬ್ಬ.”

ಅವಳು ತನ್ನ ಈಮೇಲ್‌ನಿಂದ ಆ ಅಪರಿಚಿತನಿಗೆ ವಿಷಯ ತಿಳಿಸಿ ಅಂಗಲಾಚಿದಳು. ಅರ್ಧ ಗಂಟೆಗೆ ಉತ್ತರ ಬಂತು: ‘ನಾನು ಹಲ್ಲಿನ ಡಾಕ್ಟರ್. ಏಳು ವರ್ಷದಿಂದ ಸೂಜಿ, ಬಾಬಿನ್, ಬೆಲ್ಟು ಅಂತ ದಿನಕ್ಕೆ ಹತ್ತು ಮೇಲ್ ಬರ್ತಿವೆ. ಇದು ಯಾರ ಕೆಲಸ? ಹೆಸರು ಹೇಳಿದರೆ ಕೋಡು.’

“ನಾನಲ್ಲ ಅಂತ ಬರಿ” ಎಂಬ ಮಾತು ಗುಟ್ಟಪ್ಪನ ಬಾಯಿಂದ ಅಭ್ಯಾಸಬಲದಿಂದ ಹೊರಬಿತ್ತು.

“ಬರೀಲಾ?” ಎಂದಳು ಅವಳು, ಹುಬ್ಬೇರಿಸಿ.

ಅವನು ಫೋನು ಕಸಿದುಕೊಂಡ. ಒಂದೊಂದೇ ಅಕ್ಷರ ಒತ್ತುತ್ತ ‘ನಾನೇ’ ಎಂದು ಬರೆದ. ಕೆಳಗೆ ಹೆಸರು, ಅಂಗಡಿ, ಬೀದಿ, ಬಾಗಿಲ ನಂಬರು, ಎಲ್ಲ.

ಆರು ಅಂಕಿ ಬಂದವು. ಜೊತೆಗೊಂದು ಸಾಲು: ‘ಹಲ್ಲು ನೋವಾದರೆ ನಿಮ್ಮ ಹೆಸರಲ್ಲೇ ಬನ್ನಿ.’