ಹತ್ತಿಗಿಡದ ಹೇನು, ಅಮ್ಮನ ಲಕ್ಷಬತ್ತಿ

ತೊಂಬತ್ತರ ದಶಕದ ಕೊನೆಗೆ ಬೋಗಾದಿಯಲ್ಲಿ ಮನೆ ಕಟ್ಟಿಕೊಂಡ ಹೊಸದರಲ್ಲಿ ಅಮ್ಮ ಹಿತ್ತಲಿನಲ್ಲಿ ಹತ್ತಿಗಿಡ ಹಾಕಿದಳು. ಕಾರ್ತಿಕದಲ್ಲಿ ಶಿವನ ಗುಡಿಯಲ್ಲಿ ಲಕ್ಷಬತ್ತಿ ಹಚ್ಚುವ ಹರಕೆ ಅವಳದು. ಬತ್ತಿಯೆಲ್ಲ ಮನೆಯ ಹತ್ತಿಯದೇ ಆಗಬೇಕೆಂಬ ಹಟ. ವರ್ಷಗಟ್ಟಲೆ ಹೊಸೆದಿದ್ದಳು, ಇನ್ನೊಂದು ಫಸಲು ಸಿಕ್ಕರೆ ಮುಗಿಯುತ್ತಿತ್ತು. ಗಿಡ ನೋಡಿಕೊಳ್ಳಲು ನನಗೆ ಯಾರೂ ಹೇಳಿರಲಿಲ್ಲ. ಚಿಂತೆ ಮಾಡಲು ಏನಾದರೊಂದು ಬೇಕಿತ್ತು, ನಾನೇ ವಹಿಸಿಕೊಂಡೆ.

ಆ ಸಲ ಎಳೆ ಎಲೆಗಳು ಮುದುರಿಕೊಂಡವು. ಮಗುಚಿದರೆ ಅಡಿಯಲ್ಲಿ ರವೆ ಚೆಲ್ಲಿದಂತೆ ಹಸಿರು ಹೇನು, ರಸ ಹೀರುತ್ತ ಕೂತಿದ್ದವು. ನಡುನಡುವೆ ಮೊಸಳೆಮರಿಯಂಥ ಕಪ್ಪು ಹುಳು, ಮೈಮೇಲೆ ಕಿತ್ತಳೆ ಮಚ್ಚೆ. ಸಂಸಾರಸ್ಥನಾದ ನನಗೆ ತಕ್ಷಣ ಅರ್ಥವಾಯಿತು: ದೊಡ್ಡವು ಅಪ್ಪ ಅಮ್ಮ, ಸಣ್ಣವು ಮಕ್ಕಳು. ಹೆತ್ತವರನ್ನು ತೆಗೆದರೆ ವಂಶ ನಿಂತೀತು. ದೇವರ ಹತ್ತಿಗೆ ವಿಷ ಹೊಡೆಯುವಂತಿರಲಿಲ್ಲ. ದಿನಾ ಬೆಳಿಗ್ಗೆ ಹೆಂಡತಿಯ ಹುಬ್ಬು ಕೀಳುವ ಚಿಮಟ ಹಿಡಿದು, ಒಂದೊಂದೇ ಕಪ್ಪು ಹುಳು ಆರಿಸಿ ಸೋಪಿನ ನೀರಿಗೆ ಹಾಕತೊಡಗಿದೆ. ಪಕ್ಕದ ಮನೆಯಾಕೆಯ ದಾಸವಾಳಕ್ಕೂ ಇದೇ ಉಪಾಯ ಹೇಳಿಕೊಟ್ಟೆ.

"ಎಂಗೆ ಕಂಡುಹಿಡಿದ್ರಿ ಸಾರ್?" ಅಂದರು ಆಕೆ.

"ಸ್ವಲ್ಪ ಗಮನ ಇರ್ಬೇಕು ಕಣ್ರೀ, ಅಷ್ಟೇ."

ಹೇನು ಕಡಿಮೆಯಾಗಲಿಲ್ಲ, ದುಪ್ಪಟ್ಟಾಯಿತು. ಅವು ಸುರಿಸಿದ ಅಂಟು ಬಿರಿದ ಕಾಯಿಗಳ ಮೇಲೆ ಬಿದ್ದು, ಅದಕ್ಕೆ ಮಸಿಯಂಥ ಬೂಷ್ಟು ಹಿಡಿಯಿತು. ಗೊಬ್ಬರದ ಅಂಗಡಿಯಲ್ಲಿ ತೋರಿಸೋಣವೆಂದು ಹೇನು ಮುತ್ತಿದ ಚಿಗುರನ್ನೂ ಒಬ್ಬ 'ಅಪ್ಪ'ನನ್ನೂ ಉಪ್ಪಿನಕಾಯಿ ಬಾಟಲಿಗೆ ಹಾಕಿಟ್ಟೆ. ಹೋಗುವುದು, ನನ್ನ ಪದ್ಧತಿಯಂತೆ, ಮುಂದಿನ ಭಾನುವಾರಕ್ಕೆ ಬಿತ್ತು. ಅಷ್ಟರಲ್ಲಿ ಬಾಟಲಿಯಲ್ಲಿ ಒಂದು ಹೇನೂ ಉಳಿದಿರಲಿಲ್ಲ. ಗಾಜಿಗಂಟಿದ 'ಅಪ್ಪ'ನ ಒಣ ಸಿಪ್ಪೆಯ ಪಕ್ಕದಲ್ಲಿ ಕೆಂಪಗೆ, ಚುಕ್ಕಿಯಿಟ್ಟುಕೊಂಡು, ಒಂದು ಗುಲಗಂಜಿ ಹುಳು ಓಡಾಡುತ್ತಿತ್ತು. ಹೇನು ತಿಂದು ಬೆಳೆದದ್ದು ಅದು. ನಾನು ದಿನಾ ಮುಳುಗಿಸುತ್ತಿದ್ದದ್ದು ಗಿಡದ ಕಾವಲುಗಾರರ ಮರಿಗಳನ್ನು!

ಪಕ್ಕದ ಮನೆಯಾಕೆಗೆ ಹೇಳಲು ಬಾಯಿ ಬರಲಿಲ್ಲ. ಗೇಟು ಸದ್ದಾಗದಂತೆ ಓಡಾಡಿದೆ. ಅಮ್ಮನಿಗೆ ಮಾತ್ರ ಬಾಟಲಿ ತೋರಿಸಿ ಹೇಳಿದೆ.

"ಪಾಪದ್ದು, ಗಿಡಕ್ಕೆ ಬಿಟ್ಬುಡು," ಅಂದಳು.

"ಅಂಗಡಿ ಹತ್ತಿ ತರ್ಲಾ?"

"ಬ್ಯಾಡ. ಹಚ್ಚಿದ್ಮೇಲೆ ಎಲ್ಲಾ ಬತ್ತೀನೂ ಕಪ್ಪೇ ಅಲ್ವೇನೋ."

ಅಂಟುಹತ್ತಿ ಬೆರಳು ಬಿಡುತ್ತಿರಲಿಲ್ಲ. ವಿಭೂತಿ ಮುಟ್ಟಿ ಮುಟ್ಟಿ ಹೊಸೆದಳು. ನಾನು ಎದುರು ಕೂತು ಬೀಜ ಬಿಡಿಸಿದೆ.

ಕಾರ್ತಿಕದ ಕೊನೆಯ ಸೋಮವಾರ ಗುಡಿಯಲ್ಲಿ ಬತ್ತಿ ಸುರಿದಾಗ ಮೇಲೆಲ್ಲ ಬೂದುಬಣ್ಣದವೇ ಕಂಡವು.

"ಇದ್ಯಾಕ್ ಕಣಮ್ಮ, ಬತ್ತಿ ಇಷ್ಟು ಮಾಸಿದೆ?" ಯಾರೋ ಹಿರಿಯಾಕೆ ಕೇಳಿಯೇಬಿಟ್ಟರು.

ಅಮ್ಮ ತಲೆಯೆತ್ತಲಿಲ್ಲ. "ನಮ್ಮನೇದು. ನನ್ ಮಗ ದಿನಾ ಗಿಡದ ಮುಂದೆ ಕೂತು, ಒಂದೊಂದೇ ಹುಳ ಆರ್ಸಿ ಬೆಳ್ಸಿದ್ದು."

"ಹೌದೇನಪ್ಪಾ? ಪುಣ್ಯವಂತೆ ಕಣಮ್ಮ ನೀನು!"

ಎಣ್ಣೆ ಡಬ್ಬ ಹಿಡಿದು ನಿಂತಿದ್ದ ನಾನು ತಲೆಯಾಡಿಸಿದೆ. ಅಮ್ಮ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅದೇ ತೊಂದರೆ.