ಎರಡನೇ ವಾದಿ

ಅನುಪಮಾ ನನ್ನ ಅಂಗಡಿಗೆ ಬಂದರೆ ಮೊದಲು ಕೇಳುವುದು, ‘ಕೂತ್ಕೊಳ್ಲಾ ಸುಮನಕ್ಕ?’ ಎಂದು. ಎರಡು ವರ್ಷದಿಂದ ಬರುತ್ತಿದ್ದಾಳೆ, ಇವತ್ತಿಗೂ ಕೇಳುತ್ತಾಳೆ. ತುಮಕೂರಿನ ಕೋರ್ಟಿನ ಎದುರು ಇಪ್ಪತ್ತೆರಡು ವರ್ಷದಿಂದ ಟೈಪಿಂಗ್, ಜೆರಾಕ್ಸ್ ಅಂಗಡಿ ಇಟ್ಟುಕೊಂಡವಳು ನಾನು. ವಕೀಲರಾಗುವವರನ್ನು, ಆದವರನ್ನು, ಆಗಿ ಕೆಟ್ಟವರನ್ನು ಎಲ್ಲ ನೋಡಿದ್ದೇನೆ. ಪ್ಲಾಸ್ಟಿಕ್ ಕುರ್ಚಿಗೆ ಅಪ್ಪಣೆ ಕೇಳುವ ಲಾ ವಿದ್ಯಾರ್ಥಿನಿಯನ್ನು ಮಾತ್ರ ಇವಳೊಬ್ಬಳನ್ನೇ ನೋಡಿದ್ದು. ‘ನಾಳೆ ಜಡ್ಜ್ ಮುಂದೆ ಏನ್ಮಾಡ್ತೀಯೆ? ನಿಂತ್ಕೊಳ್ಲಾ ಸಾರ್ ಅಂತೀಯಾ?’ ಎಂದು ರೇಗಿಸಿದರೆ ನಗುತ್ತಾಳೆ. ಕೂರುವುದು ಮಾತ್ರ ಕುರ್ಚಿಯ ತುದಿಯಲ್ಲೇ.

ಗುಬ್ಬಿ ತಾಲ್ಲೂಕಿನ ಕಡಬದ ಹುಡುಗಿ. ಅಪ್ಪ ಅಡವಿಯಪ್ಪ ತೆಂಗಿನ ತೋಟದವರು, ಅಮ್ಮ ಸರ್ವಮಂಗಳಮ್ಮ. ದಿನಾ ಬೆಳಗ್ಗೆ ಗುಬ್ಬಿಗೆ ಬಂದು ಅಲ್ಲಿಂದ ತುಮಕೂರಿನ ಕಾಲೇಜಿಗೆ ಬಸ್ಸು ಹಿಡಿಯುತ್ತಾಳೆ. ಐದು ವರ್ಷದ ಕೋರ್ಸಿನಲ್ಲಿ ಈಗ ಮೂರನೇ ವರ್ಷ. ರಜೆಯಲ್ಲಿ ಒಂದು ತಿಂಗಳಾದರೂ ದೊಡ್ಡ ಲಾ ಫರ್ಮಿನಲ್ಲಿ ಇಂಟರ್ನ್‌ಶಿಪ್ ಮಾಡದಿದ್ದರೆ ಮುಂದೆ ಯಾರೂ ಬಾಗಿಲೊಳಗೆ ಬಿಟ್ಟುಕೊಳ್ಳುವುದಿಲ್ಲ ಎಂದು ಯಾರೋ ಅವಳ ತಲೆಗೆ ತುಂಬಿದ್ದರು. ಹನ್ನೊಂದು ಕಡೆ ಅರ್ಜಿ ಹಾಕಿದಳು. ಒಂದಕ್ಕೂ ಉತ್ತರವಿಲ್ಲ. ಪ್ರತಿ ಸಲವೂ ಕಳಿಸುವ ಮುಂಚೆ ‘ತಪ್ಪಿದೆಯಾ ನೋಡಿ ಅಕ್ಕ’ ಎಂದು ನನ್ನಿಂದ ಓದಿಸುತ್ತಿದ್ದಳು. ನಾನು ಓದಿರುವುದು ಪಿಯುಸಿ, ಅದೂ ಫೇಲು.

ಹನ್ನೆರಡನೆಯದಕ್ಕೆ ಉತ್ತರ ಬಂತು. ಬೆಂಗಳೂರಿನ ಒಂದು ಫರ್ಮು. ನಿಮ್ಮನ್ನು ಪರಿಗಣಿಸಿದ್ದೇವೆ, ಈ ಫಾರಂ ತುಂಬಿ ಗುರುವಾರ ಸಂಜೆ ಐದರೊಳಗೆ ಕಳಿಸಿ ಎಂದು ಬರೆದಿದ್ದರು. ಸೋಮವಾರ ನನ್ನ ಕಂಪ್ಯೂಟರಿನ ಮುಂದೆ ತುಂಬುತ್ತ ಕೂತಳು. ಹದಿನಾಲ್ಕನೆಯ ಪ್ರಶ್ನೆ ಹೀಗಿತ್ತು: ನೀವು ಯಾವುದಾದರೂ ಮೊಕದ್ದಮೆಯಲ್ಲಿ ವಾದಿಯೋ ಪ್ರತಿವಾದಿಯೋ ಆಗಿದ್ದೀರಾ? ಹೌದಾದರೆ ಕೇಸ್ ನಂಬರು ಮತ್ತು ಈಗಿನ ಸ್ಥಿತಿ ಬರೆಯಿರಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಸುಳ್ಳು ಮಾಹಿತಿ ಕೊಟ್ಟರೆ ಅವಕಾಶ ರದ್ದು, ಕಾಲೇಜಿಗೂ ತಿಳಿಸಲಾಗುವುದು ಎಂದಿತ್ತು.

ಬೇರೆ ಯಾರಾದರೂ ಇಲ್ಲ ಎಂದು ಬರೆದು ಮುಂದೆ ಹೋಗುತ್ತಿದ್ದರು. ಇವಳು ಆ ಸಣ್ಣ ಅಕ್ಷರವನ್ನು ಎರಡೆರಡು ಸಲ ಓದಿದಳು. ‘ಯಾವ್ದಕ್ಕೂ ಒಂದ್ಸಲ ನೋಡ್ಬಿಡ್ತೀನಿ’ ಎಂದು ಕೋರ್ಟಿನ ವೆಬ್‌ಸೈಟ್ ತೆಗೆದು ತನ್ನದೇ ಹೆಸರು ಹಾಕಿ, ಒಂದೊಂದೇ ವರ್ಷ ಹಿಂದಕ್ಕೆ ಹುಡುಕುತ್ತ ಹೋದಳು. ನಾನು ನಗುತ್ತಲೇ ಇದ್ದೆ. ಹನ್ನೆರಡು ವರ್ಷ ಹಿಂದೆ ಹೋದಾಗ ಸಿಕ್ಕಿತು. ಗುಬ್ಬಿ ಕೋರ್ಟು. ಮೊದಲನೇ ವಾದಿ ಸರ್ವಮಂಗಳಮ್ಮ. ಎರಡನೇ ವಾದಿ ಅನುಪಮಾ, ಮೈನರ್, ಅವಳ ಪರವಾಗಿ ತಾಯಿ. ಮೊದಲನೇ ಪ್ರತಿವಾದಿ ಅಡವಿಯಪ್ಪ. ಎರಡನೇ ಪ್ರತಿವಾದಿ ಮುದ್ದಯ್ಯ.

‘ನಾನು ನಮ್ಮಪ್ಪನ ಮೇಲೆ ಕೇಸ್ ಹಾಕಿದೀನಾ ಅಕ್ಕ?’ ಎಂದಳು.

ಹಾಕಿದ್ದಳು, ತನ್ನ ಎಂಟನೇ ವಯಸ್ಸಿನಲ್ಲಿ. ಇಂಥ ದಾವೆಗಳನ್ನು ನಾನೇ ನೂರಾರು ಟೈಪ್ ಮಾಡಿದ್ದೇನೆ. ಅಪ್ಪ ಜಮೀನು ಮಾರುತ್ತಾನೆ. ಆಮೇಲೆ ರೇಟು ಏರುತ್ತದೆ. ಆಗ ಹೆಂಡತಿ, ಮಕ್ಕಳು ಇದು ಪಿತ್ರಾರ್ಜಿತ, ನಮಗೂ ಭಾಗವಿದೆ, ಇವನೊಬ್ಬನೇ ಮಾರಿದ್ದು ನಡೆಯುವುದಿಲ್ಲ ಎಂದು ಗಂಡನನ್ನೂ ಕೊಂಡವನನ್ನೂ ಸೇರಿಸಿ ದಾವೆ ಹೂಡುತ್ತಾರೆ. ಬೆಳಗ್ಗೆ ಗಂಡನ ಮೇಲೆ ಕೇಸು ಹಾಕಿ ಬಂದವಳು ಸಂಜೆ ಅವನಿಗೇ ಮುದ್ದೆ ಬಡಿಸುತ್ತಾಳೆ. ನಮ್ಮ ಕುಣಿಗಲ್ ಕಡೆಯೂ ಇದೇ ಹಣೆಬರಹ. ಮಗುವಿನ ಹೆಸರು ಸೇರಿಸುವುದು ದಾವೆ ಗಟ್ಟಿಯಾಗಲಿ ಎಂದು. ಆ ಮಕ್ಕಳೂ ಒಂದು ದಿನ ದೊಡ್ಡವರಾಗುತ್ತಾರೆ ಎಂಬುದು ಟೈಪ್ ಮಾಡಿದ ನನಗೂ ಯಾವತ್ತೂ ಹೊಳೆದಿರಲಿಲ್ಲ.

ಅವಳು ಇನ್ನೂ ಕೊನೆಯ ಹೆಸರನ್ನೇ ನೋಡುತ್ತಿದ್ದಳು. ‘ಮುದ್ದಯ್ಯ ಮಾವ’ ಎಂದಳು.

ಹಿರೇಹಳ್ಳಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಮನುಷ್ಯ. ಇವರ ತೋಟದ ಪಕ್ಕದ ಇಪ್ಪತ್ತು ಗುಂಟೆ ಅವರು ಅಡವಿಯಪ್ಪನವರಿಂದ ಕೊಂಡದ್ದು. ಅದರಲ್ಲಿ ಮನೆಗೆಂದು ಪಾಯ ಹಾಕಿ ಹಾಗೇ ಬಿಟ್ಟಿದ್ದಾರೆ, ಹುಲ್ಲು ಬೆಳೆದಿದೆ. ಚಿಕ್ಕವಳಿದ್ದಾಗ ಇವಳು ಆ ಪಾಯದೊಳಗೇ ಆಡಿದ್ದು. ‘ಯಾಕ್ ಮಾವ ಮನೆ ಕಟ್ಲಿಲ್ಲ?’ ಎಂದರೆ ‘ಕಟ್ಟಾನ ಬುಡವ್ವ’ ಎನ್ನುತ್ತಿದ್ದರಂತೆ. ಕಟ್ಟುವುದು ಎಲ್ಲಿಂದ? ಇವಳ ಹೆಸರಿನಲ್ಲೇ ತಡೆಯಾಜ್ಞೆ ಇತ್ತು.

‘ಬಿಳೀ ಷರ್ಟ್ ಹಾಕಿದ ದಿನ ಅವ್ರು ಗುಬ್ಬಿಗೆ ಹೋಗ್ತಾರೆ ಅಕ್ಕ. ಟಿವಿಎಸ್ಸಲ್ಲಿ ನನ್ನೂ ಬಸ್‌ಸ್ಟ್ಯಾಂಡ್ ತನಕ ಬಿಡ್ತಾರೆ. ಬ್ಯಾಂಕ್ ಕೆಲ್ಸ ಇರ್ಬೇಕು ಅಂದ್ಕೊಂಡಿದ್ದೆ.’ ಪರದೆಯ ಮೇಲಿನ ತಾರೀಕುಗಳ ಪಟ್ಟಿಯನ್ನು ಇಳಿಸುತ್ತ ಇಳಿಸುತ್ತ ಹೋದಳು. ಬಿಳಿ ಷರ್ಟಿನ ಆ ದಿನಗಳೆಲ್ಲ ಈ ಕೇಸಿನ ವಾಯಿದೆಯ ದಿನಗಳು. ಪ್ರತಿವಾದಿಯೇ ವಾದಿಯನ್ನು ಹಿಂದೆ ಕೂರಿಸಿಕೊಂಡು ಕೋರ್ಟಿಗೆ ಹೋಗುತ್ತಿದ್ದ. ಮುಂದಿನ ವಾಯಿದೆ ಗುರುವಾರ.

ಮಂಗಳವಾರ ಬೆಳಗ್ಗೆ ರೊಟ್ಟಿ ತಟ್ಟುತ್ತಿದ್ದ ಅಮ್ಮನನ್ನು ಕೇಳಿದಳಂತೆ. ಸರ್ವಮಂಗಳಮ್ಮ ಕೈ ನಿಲ್ಲಿಸದೆಯೇ, ‘ನಿನ್ ಮದ್ವೆಗೆ ಆಗ್ಲಿ ಅಂತ ಮಾಡಿದ್ದು ಕಣೇ. ಇಲ್ಲ ಅಂತ ಬರಿ, ಯಾವನು ಬಂದು ನೋಡ್ತಾನೆ?’ ಎಂದರಂತೆ. ಅಡವಿಯಪ್ಪ ತಟ್ಟೆ ಅರ್ಧಕ್ಕೆ ಬಿಟ್ಟು ತೋಟಕ್ಕೆ ಎದ್ದು ಹೋದರಂತೆ.

ನನ್ನ ಹತ್ತಿರ ಬಂದು ಅತ್ತಳು. ‘ಇಲ್ಲ ಅಂತ ಬರೆದ್ರೆ ಸಿಕ್ಕಾಕೊಳ್ತೀನಿ. ಹೌದು ಅಂತ ಬರೆದ್ರೆ ಬಾಗ್ಲಲ್ಲೇ ವಾಪಸ್ ಕಳಿಸ್ತಾರೆ. ಮಾವನ ಮುಖ ಹೆಂಗ್ ನೋಡ್ಲಿ? ಭಯ ಆಗ್ತದೆ ಅಕ್ಕ.’

ನನಗೆ ರೇಗಿತು. ‘ಫರ್ಮ್ ಮನೆ ಹಾಳಾಗ್ಲಿ. ನಿಂಗೆ ಇಪ್ಪತ್ತು ವರ್ಷ. ಹದಿನೆಂಟು ತುಂಬಿದ್ಮೇಲೆ ಕೇಸ್ ನಡೆಸ್ತೀಯೋ ಬಿಡ್ತೀಯೋ ನೀನೇ ಹೇಳ್ಬೇಕು. ನಿಂಗೆ ಪಾಠದಲ್ಲಿ ಇಲ್ವಾ?’

‘ಇದೆ. ಎಕ್ಸಾಮಲ್ಲಿ ಬರ್ದಿದೀನಿ’ ಎಂದು ಮೂಗು ಒರೆಸಿಕೊಂಡಳು.

ಬುಧವಾರ ಅವಳು ಹೇಳಿದಳು, ನಾನು ಟೈಪ್ ಮಾಡಿದೆ. ಎರಡನೇ ವಾದಿ ಈಗ ವಯಸ್ಕಳು, ಈ ದಾವೆ ಮುಂದುವರಿಸಲು ಅವಳಿಗೆ ಇಷ್ಟವಿಲ್ಲ, ಅವಳ ಹೆಸರನ್ನು ಕೈಬಿಡಬೇಕು. ಒಂದೇ ಪುಟ. ನಾಲ್ಕು ಸಲ ಪ್ರಿಂಟ್ ತೆಗೆಯಬೇಕಾಯಿತು, ಸಹಿ ಮೂರು ಸಲ ಕೆಡಿಸಿಕೊಂಡಳು.

ಗುರುವಾರ ನಾನು ಅಂಗಡಿಗೆ ಬೀಗ ಹಾಕಿ ಗುಬ್ಬಿಗೆ ಹೋದೆ. ಒಬ್ಬಳೇ ಬಿಟ್ಟರೆ ಈ ಹುಡುಗಿ ಗೇಟಿನಿಂದಲೇ ತಿರುಗಿ ಹೋಗುತ್ತಾಳೆ ಎಂದು ನನಗೆ ಗ್ಯಾರಂಟಿ ಇತ್ತು. ಹತ್ತೂವರೆಗೆ ಟಿವಿಎಸ್ ಬಂತು. ಮುಂದೆ ಬಿಳಿ ಷರ್ಟಿನ ಮುದ್ದಯ್ಯ, ಹಿಂದೆ ಫೈಲು ಎದೆಗೆ ಅವುಚಿಕೊಂಡ ಅನುಪಮಾ. ‘ಬಸ್‌ಸ್ಟ್ಯಾಂಡ್ ಬೇಡ ಮಾವ, ಕೋರ್ಟ್ ಹತ್ರನೇ ಬಿಡಿ’ ಎಂದಿದ್ದಳಂತೆ. ಅವರು ಗಾಡಿ ಸ್ವಲ್ಪ ನಿಧಾನ ಮಾಡಿದರಂತೆ. ಗಾಡಿ ನಿಲ್ಲಿಸಿ, ನಮ್ಮ ಕಡೆ ನೋಡದೆ ಒಳಗೆ ನಡೆದರು.

ಅವಳು ಮೆಟ್ಟಿಲ ಮೇಲೆ ಕೂತು ಮೊಬೈಲಿನಲ್ಲಿ ಫಾರಂ ತೆಗೆದಳು. ಹದಿನಾಲ್ಕನೆಯ ಪ್ರಶ್ನೆಗೆ ಹೌದು ಎಂದು ಒತ್ತಿದಳು. ನಂಬರು ಹಾಕಿದಳು. ಈಗಿನ ಸ್ಥಿತಿ ಎಂಬಲ್ಲಿ, ಈ ದಿನ ದಾವೆಯಿಂದ ಹಿಂದೆ ಸರಿಯುತ್ತಿದ್ದೇನೆ ಎಂದು ಬರೆದು ಕಳಿಸಿಯೇಬಿಟ್ಟಳು.

‘ಒಳಗೆ ಹೋಗ್ಬಂದು ಕಳಿಸೋದಲ್ವೇನೇ?’ ಎಂದೆ.

‘ಕಳಿಸ್ಬಿಟ್ರೆ ಒಳಗೆ ಹೋಗ್ಲೇಬೇಕಲ್ಲ ಅಕ್ಕ.’

ಆ ಫರ್ಮಿನಿಂದ ಇವತ್ತಿನವರೆಗೆ ಉತ್ತರ ಬಂದಿಲ್ಲ. ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ.

ಕಾರಿಡಾರಿನಲ್ಲಿ ನೋಡುತ್ತೇವೆ, ಬೆಂಚಿನ ಆ ತುದಿಯಲ್ಲಿ ಸರ್ವಮಂಗಳಮ್ಮ ತಮ್ಮ ವಕೀಲರ ಜೊತೆ ಕೂತಿದ್ದಾರೆ. ಮಗಳ ಮೇಲೆ ಗುಮಾನಿ ಬಂದು ಅವಳಿಗಿಂತ ಮುಂಚಿನ ಬಸ್ಸಿಗೇ ಬಂದು ಕೂತಿದ್ದರು. ‘ಇಲ್ಯಾಕೆ ಬಂದೆ? ನಡಿ ಮನೆಗೆ’ ಎಂದರು. ಅನುಪಮಾ ಫೈಲನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡಳು. ಬೆಂಚಿನ ಈ ತುದಿಯಲ್ಲಿ ಮುದ್ದಯ್ಯ ತಲೆ ತಗ್ಗಿಸಿ ಕೂತಿದ್ದರು. ತಾಯಿ ಒಂದು ಕಡೆ, ಮಗಳ ಕೈಯಲ್ಲಿ ಫೈಲು. ಹುಡುಗಿ ದೊಡ್ಡವಳಾಗಿ ತನ್ನ ಕೇಸು ತಾನೇ ನಡೆಸಲು ಬಂದಿದ್ದಾಳೆ ಎಂದಲ್ಲದೆ ಅವರು ಇನ್ನೇನು ತಿಳಿದಾರು?

ಒಳಗಿನಿಂದ ಕೇಸ್ ನಂಬರು ಕೂಗಿದರು. ‘ಸರ್ವಮಂಗಳಮ್ಮ, ಅನುಪಮಾ’ ಎಂದರು. ಇವಳು ಗೋಡೆಗೆ ಅಂಟಿಕೊಂಡು ನಿಂತಳು. ಫೈಲು ಜಾರಿ ನೆಲಕ್ಕೆ ಬಿತ್ತು. ನಾನು ಬಗ್ಗುವ ಮೊದಲೇ ಮುದ್ದಯ್ಯ ಎದ್ದು ಅದನ್ನು ಎತ್ತಿಕೊಂಡು, ಧೂಳನ್ನು ಬಿಳಿ ಷರ್ಟಿಗೆ ಒರೆಸಿ ಅವಳ ಕೈಗಿಟ್ಟರು. ಅದರೊಳಗೆ ಏನಿದೆ ಎಂದು ಅವರಿಗೆ ಗೊತ್ತಿರಲಿಲ್ಲ.

‘ಹೋಗವ್ವ. ನಿನ್ನೇ ಕೂಗ್ತಾವ್ರೆ’ ಎಂದರು. ‘ಹೆದ್ರಕಬ್ಯಾಡ.’

ಅವಳು ಒಳಗೆ ಹೋದಳು.